ತಾಯಿ ಕಾರ್ಡಿನ ಆಚೆಗೆ: ಹದಿಹರೆಯದ ಗರ್ಭಿಣಿಯರ ಮನಸ್ಸಿನ ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತಿವೆ, ನಾಲ್ಕೂ ಕೊಡಗಿನಿಂದ ಬಂದಿವೆ. ಮೂರನ್ನು ಬರೆದವರು ಆರೋಗ್ಯ ಇಲಾಖೆಯ ಸೋದರಿಯರು, ಒಂದನ್ನು ಬರೆದವರು ಹುಡುಗಿಯೊಬ್ಬಳ ದೊಡ್ಡಮ್ಮ. ಬರೆದವರ ಹೆಸರನ್ನೂ ಹುಡುಗಿಯರ ಗುರುತು ಸಿಗಬಹುದಾದ ವಿವರಗಳನ್ನೂ ತೆಗೆದಿದ್ದೇನೆ.

ಪ್ರಶ್ನೆ: ನಾನು ವಿರಾಜಪೇಟೆ ಕಡೆಯ ಒಂದು ಉಪಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ ಹುಡುಗಿಯೊಬ್ಬಳು ಈಗ ಐದು ತಿಂಗಳ ಗರ್ಭಿಣಿ. ತಾಯಿ ಹೇಳುವ ವಯಸ್ಸು 19, ಆಧಾರ್ ಹೇಳುವುದು 16. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿದ್ದೇವೆ ಎನ್ನುತ್ತಾರೆ. ನಾನು ಏನು ಕೇಳಿದರೂ ತಾಯಿಯೇ ಉತ್ತರಿಸುತ್ತಾರೆ. ಹುಡುಗಿ ನೆಲ ನೋಡುತ್ತಾ, ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡನ್ನು ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟು ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಿರುತ್ತಾಳೆ. ಪೊಲೀಸರಿಗೆ ತಿಳಿಸಿದರೆ ಇವರು ಮತ್ತೆ ಬರಲಾರರು ಎಂಬ ಭಯ ನನ್ನದು. ನನಗೆ ಆಪ್ತಸಮಾಲೋಚನೆಯ ತರಬೇತಿಯೂ ಇಲ್ಲ. ಅವಳ ಮನಸ್ಸಿಗೆ ನಾನೇನು ಮಾಡಬಲ್ಲೆ?

ಉತ್ತರ: ಮುಷ್ಟಿಯಲ್ಲಿರುವ ಆ ಕಾರ್ಡಿನಲ್ಲಿ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್, ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು ಎಲ್ಲವನ್ನೂ ನೀವು ತಪ್ಪದೆ ಬರೆದಿರುತ್ತೀರಿ. ಗರ್ಭವನ್ನು ನೋಡಿಕೊಳ್ಳುವವರು ಇದ್ದಾರೆ, ಹುಡುಗಿಯನ್ನು ನೋಡಿಕೊಳ್ಳುವವರು ಮಾತ್ರ ಇನ್ನೂ ಯಾರೂ ಬಂದಿಲ್ಲ. ಅವಳ ಮೌನವನ್ನು ಮೊಂಡುತನವೆಂದೋ ದಡ್ಡತನವೆಂದೋ ತಿಳಿಯಬೇಡಿ. ತಾಯಿ ಹೊಡೆದಾರು, ತಾಳಿ ಕಟ್ಟಿದವನನ್ನು ಪೊಲೀಸರು ಹಿಡಿದುಕೊಂಡು ಹೋದಾರು, ಹೆರಿಗೆಯಲ್ಲಿ ಸತ್ತುಹೋದೇನು, ಶಾಲೆಯ ಗೆಳತಿಯರಿಗೆ ತಿಳಿದೀತು ಎಂಬ ಹತ್ತಾರು ಭಯಗಳು ಒಟ್ಟಿಗೇ ಕವಿದಾಗ 16 ವರ್ಷದ ಮಗು ನೆಲ ನೋಡದೆ ಮತ್ತೇನು ಮಾಡೀತು?

ಮೊದಲ ಕೆಲಸ, ಅವಳನ್ನು ತಾಯಿಯಿಂದ ಹತ್ತು ನಿಮಿಷ ಬೇರೆ ಮಾಡುವುದು. ಅದಕ್ಕೆ ಜಗಳ ಬೇಕಿಲ್ಲ. ‘ನಮ್ಮಲ್ಲಿ ಎಲ್ಲ ಗರ್ಭಿಣಿಯರನ್ನೂ ಹೊಟ್ಟೆ ಪರೀಕ್ಷೆಯ ಹೊತ್ತಿಗೆ ಒಬ್ಬರನ್ನೇ ನೋಡುತ್ತೇವೆ ಅಮ್ಮಾ, ಆಮೇಲೆ ನಿಮ್ಮ ಜೊತೆಗೂ ಮಾತಾಡುತ್ತೇನೆ’ ಎಂದು ಹೇಳಿ, ಮತ್ತು ಅದು ಸುಳ್ಳಾಗದಂತೆ ನಿಜವಾಗಿಯೂ ಎಲ್ಲರನ್ನೂ ಹಾಗೆಯೇ ನೋಡಿ. ಮೇಜಿನ ಆಚೆ ಕೂರಬೇಡಿ; ಪರೀಕ್ಷೆಯ ಮಂಚದ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು, ಅವಳ ಕಣ್ಣಿಗಿಂತ ನಿಮ್ಮ ಕಣ್ಣು ಕೆಳಗಿರುವಂತೆ ಕುಳಿತುಕೊಳ್ಳಿ. ‘ಯಾರು ಇದಕ್ಕೆ ಕಾರಣ?’ ಎಂಬುದು ಮೊದಲ ಪ್ರಶ್ನೆಯಾಗಬಾರದು. ರಾತ್ರಿ ನಿದ್ರೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮಗು ಮಿಸುಕಾಡಿದ್ದು ಗೊತ್ತಾಯಿತೇ ಎಂದು ಆರಂಭಿಸಿ. ಮೂರನೆಯ ಪ್ರಶ್ನೆಗೆ ಎಷ್ಟೋ ಹುಡುಗಿಯರು ಮೊದಲ ಸಲ ತಲೆಯೆತ್ತುವುದನ್ನು ನಾನು ಕಂಡಿದ್ದೇನೆ. ಅದು ಮಗು ಮಿಸುಕಾಡಿದ್ದೆಂದು ಅಲ್ಲಿಯವರೆಗೆ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಹೊಟ್ಟೆಯಲ್ಲಿ ಏನೋ ಕೆಟ್ಟಿದೆ ಎಂದು ಹೆದರಿಕೊಂಡಿರುತ್ತಾರೆ.

ಭಾಷೆಯ ವಿಷಯವನ್ನು ಇಲ್ಲಿಯೇ ಹೇಳಬೇಕು. ನಮ್ಮ ಲೈನ್ ಮನೆಗಳಲ್ಲಿ ಎರವ ಮಾತು, ಮಲಯಾಳಂ, ತಮಿಳು, ತುಳು ಎಲ್ಲವೂ ಇವೆ, ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದವರ ಮಾತುಗಳೂ ಸೇರಿವೆ. ಕನ್ನಡ ಬಾರದ ಹುಡುಗಿಯ ಮಾತನ್ನು ತೋಟದ ರೈಟರೋ ಮೇಸ್ತ್ರಿಯೋ ಅವಳ ತಮ್ಮನೋ ನಿಮಗೆ ಕನ್ನಡದಲ್ಲಿ ಹೇಳಿದರೆ, ನಿಮಗೆ ತಲುಪುವುದು ಅವರ ಮಾತೇ ಹೊರತು ಅವಳದ್ದಲ್ಲ. ಅವಳ ಭಾಷೆ ಬಲ್ಲ ಆಶಾ ಕಾರ್ಯಕರ್ತೆಯನ್ನು, ಪಕ್ಕದ ಆದಿವಾಸಿ ಹಾಡಿಯವರಾದರೂ ಸರಿ, ಕರೆಸಿಕೊಳ್ಳಿ. ಇನ್ನೊಂದು ಮಾತು: ಹಾಡಿಯ ಹುಡುಗಿ ಬಂದಾಗ ‘ಅವರಲ್ಲಿ ಇದೆಲ್ಲ ಮಾಮೂಲು’ ಎನ್ನುವ ಸಿಬ್ಬಂದಿ ಇದ್ದಾರೆ. ಎರವರ ಮಗಳಿಗಾಗಲಿ ಜೇನುಕುರುಬರ ಮಗಳಿಗಾಗಲಿ 16ನೇ ವಯಸ್ಸಿನ ಭಯ ಬೇರೆಯವರ ಮಗಳಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಲ್ಲ.

ಇನ್ನು ನಿಮ್ಮ ನಿಜವಾದ ಸಂಕಟಕ್ಕೆ ಬರೋಣ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ನವೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ, ನಾನು ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸದಲ್ಲಿದ್ದಾಗ, 15 ವರ್ಷದ ಹುಡುಗಿಯೊಬ್ಬಳಿಗೆ ‘ಯಾರಿಗೂ ಹೇಳುವುದಿಲ್ಲ, ನನ್ನ ಹತ್ತಿರ ಹೇಳು’ ಎಂದು ತಲೆ ಸವರಿ ಮಾತು ಕೊಟ್ಟೆ. ಅವಳು ಎಲ್ಲವನ್ನೂ ಹೇಳಿದಳು. ನಾನು ವೈದ್ಯರಿಗೆ ತಿಳಿಸಿದೆ, ಮರುದಿನ ಮಧ್ಯಾಹ್ನ ಪೊಲೀಸರು ಬಂದರು. ಅವಳು ಪೊಲೀಸರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಬಿಡುಗಡೆಯಾಗುವವರೆಗೆ ನಾನು ಕೊಟ್ಟ ಗಂಜಿಯನ್ನೂ ಮುಟ್ಟಲಿಲ್ಲ. ವರದಿ ಮಾಡಿದ್ದು ತಪ್ಪಲ್ಲ; ಕೊಡಲಾಗದ ಮಾತನ್ನು ಕೊಟ್ಟದ್ದು ತಪ್ಪು.

ಆದ್ದರಿಂದ ಅವಳು ಬಾಯಿ ಬಿಡುವ ಮೊದಲೇ ಹೇಳಿಬಿಡಿ: ‘ನೀನು ಹೇಳಿದ್ದನ್ನು ನಾನು ಊರಿನವರಿಗೆ, ತೋಟದವರಿಗೆ, ಆಸ್ಪತ್ರೆಯಲ್ಲಿ ಸಂಬಂಧವಿಲ್ಲದವರಿಗೆ ಹೇಳುವುದಿಲ್ಲ. ಆದರೆ ನಿನಗೆ 18 ಆಗಿಲ್ಲವಾದರೆ, ಅಥವಾ ನಿನ್ನ ಜೀವಕ್ಕೆ ಅಪಾಯವಿದ್ದರೆ, ಕೆಲವರಿಗೆ ನಾನು ತಿಳಿಸಲೇಬೇಕು. ಯಾರಿಗೆ, ಯಾವಾಗ ಎಂದು ನಿನಗೆ ಹೇಳಿಯೇ ತಿಳಿಸುತ್ತೇನೆ.’ ಇದನ್ನು ಕೇಳಿ ಕೆಲವರು ಅಂದು ಮಾತಾಡದೆ ಹೋಗಬಹುದು. ಹೋದರೂ, ಮೋಸವಿಲ್ಲದ ಒಬ್ಬ ದೊಡ್ಡವರು ಇದ್ದಾರೆ ಎಂಬುದು ಅವಳ ಮನಸ್ಸಿನಲ್ಲಿ ಉಳಿಯುತ್ತದೆ.

ಕಾನೂನಿನ ಮಟ್ಟಿಗೆ ನಿಮಗೆ ಆಯ್ಕೆಯಿಲ್ಲ. 18 ತುಂಬದವರೆಲ್ಲ ಪೋಕ್ಸೊ ಪ್ರಕಾರ ಮಕ್ಕಳೇ. ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು, ಸದುದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯೂ ಅದರಲ್ಲಿಯೇ ಇದೆ. ತಾಳಿ ಕಟ್ಟಿದ್ದರಿಂದ ಇದು ಬದಲಾಗುವುದಿಲ್ಲ. ಹೆಂಡತಿಯಾದರೂ 18ರ ಕೆಳಗಿನವಳೊಂದಿಗಿನ ದೈಹಿಕ ಸಂಬಂಧ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ನೀಡಿದೆ, ಕರ್ನಾಟಕದಲ್ಲಂತೂ ಬಾಲ್ಯವಿವಾಹ ನಡೆದ ಕ್ಷಣದಿಂದಲೇ ಅಸಿಂಧು. ಅವಳ ವಯಸ್ಸನ್ನು ಸಾಬೀತು ಮಾಡುವ ಹೊಣೆ ನಿಮ್ಮದಲ್ಲ. ಆಧಾರ್‌ನಲ್ಲಿ ಕಂಡದ್ದನ್ನು ಇಂದೇ ವೈದ್ಯಾಧಿಕಾರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಐದು ತಿಂಗಳು ಎಂದಿದ್ದೀರಿ, ಹಾಗಾಗಿ ದಿನಗಳು ಮುಖ್ಯ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವರಿಗೆ 24 ವಾರಗಳವರೆಗೆ ಗರ್ಭಪಾತದ ಅವಕಾಶವಿದೆ; 20 ವಾರ ದಾಟಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಪೋಷಕರ ಲಿಖಿತ ಒಪ್ಪಿಗೆ ಎಷ್ಟು ವಾರವಾಗಿದ್ದರೂ ಬೇಕು. ಇಂಥ ದಾರಿಯೊಂದಿದೆ ಎಂದು ವೈದ್ಯರಿಂದ ಅವಳಿಗೆ ತಿಳಿಯಬೇಕು. ಅದನ್ನು ಮುಚ್ಚಿಡುವುದೂ ತಪ್ಪು, ಅದರ ಕಡೆಗೆ ತಳ್ಳುವುದೂ ತಪ್ಪು. ಹುಡುಗಿಯ ಇಚ್ಛೆ ಪೋಷಕರ ಇಚ್ಛೆಗಿಂತ ಬೇರೆಯಾದಾಗ ಅವಳ ಅಭಿಪ್ರಾಯಕ್ಕೆ ಮಹತ್ವ ಕೊಡಬೇಕೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗರ್ಭಪಾತಕ್ಕಾಗಿ ಬಂದ ಅಪ್ರಾಪ್ತೆಯೂ ಪೋಷಕರೂ ಕೋರಿದರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರನ್ನು ಬಹಿರಂಗಪಡಿಸಬೇಕಿಲ್ಲ ಎಂದು ಅದೇ ಕೋರ್ಟಿನ 2022ರ ತೀರ್ಪಿನಲ್ಲಿದೆ. ಹೆಸರಿನ ಭಯದಿಂದ ನಾಟಿ ಮದ್ದಿಗೆ ಹೋಗಿ ಜೀವ ಕಳೆದುಕೊಳ್ಳುವವರಿಗೆ ಈ ಒಂದು ವಾಕ್ಯ ಸಾಕು, ಆದರೆ ಇದನ್ನು ಅವರಿಗೆ ಹೇಳುವವರು ಕಡಿಮೆ.

ಪೊಲೀಸರ ಹೆಸರು ಕೇಳಿದೊಡನೆ ನಡುಗುವ ಹುಡುಗಿಗೆ ನೀವು ಕೊಡಬಹುದಾದ ದೊಡ್ಡ ಸಮಾಧಾನವೆಂದರೆ ಮುಂದೆ ಏನಾಗುತ್ತದೆ ಎಂಬ ವಿವರ. ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಕಡೆ ಪಡೆಯಬೇಕು, ಪಡೆಯುವವರು ಸಮವಸ್ತ್ರದಲ್ಲಿರಬಾರದು, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ ಇರಬೇಕು, ರಾತ್ರಿ ಅವಳನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಪರೀಕ್ಷೆ ಮಾಡುವವರು ಮಹಿಳಾ ವೈದ್ಯರಾಗಿರಬೇಕು, ಅವಳಿಗೆ ನಂಬಿಕೆಯ ಒಬ್ಬರು ಜೊತೆಯಲ್ಲಿರಬೇಕು. ತುರ್ತು ಚಿಕಿತ್ಸೆಗೆ ಪೊಲೀಸರ ಕಾಗದ ಬರಲಿ ಎಂದು ಯಾರೂ ಕಾಯಿಸುವಂತಿಲ್ಲ. ಮಕ್ಕಳ ಕಲ್ಯಾಣ ಸಮಿತಿಯು ಅವಳಿಗೆ ಪ್ರಕರಣದುದ್ದಕ್ಕೂ ಜೊತೆಗಿರುವ ಒಬ್ಬ ಬೆಂಬಲ ವ್ಯಕ್ತಿಯನ್ನು ಒದಗಿಸಬಹುದು. ಅದನ್ನು ಕೇಳಿ ಪಡೆಯಿರಿ. ಇಷ್ಟಾದ ಮೇಲೆ, ವರದಿ ಹೋದ ಮರುದಿನವೇ ನೀವು ಲೈನ್ ಮನೆಯ ಬಾಗಿಲಿಗೆ ಹೋಗಬೇಕು, ರಕ್ತದೊತ್ತಡದ ಯಂತ್ರ ಹಿಡಿದುಕೊಂಡು, ಏನೂ ಆಗಿಲ್ಲವೆಂಬಂತೆ. ಅಂದು ತಾಯಿ ನಿಮ್ಮನ್ನು ಬೈಯಬಹುದು. ಬೈಯಲಿ.

ತರಬೇತಿಯಿಲ್ಲ ಎಂಬ ಹಿಂಜರಿಕೆ ಬೇಡ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಕಾರ್ಯಕರ್ತೆಯರೇ ಖಿನ್ನತೆಯ ತಾಯಂದಿರ ಮನೆಗೆ ಹೋಗಿ ಮಾತಾಡಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ 6 ತಿಂಗಳಾದಾಗ, ಹಾಗೆ ಮಾತಾಡಿಸಿದವರಲ್ಲಿ ಶೇ 23ರಷ್ಟು, ಮಾಮೂಲಿ ಭೇಟಿ ಪಡೆದವರಲ್ಲಿ ಶೇ 53ರಷ್ಟು ತಾಯಂದಿರು ಖಿನ್ನತೆಯಲ್ಲಿ ಉಳಿದಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ 2015ರಲ್ಲಿ ಕೈಪಿಡಿಯಾಗಿ ತಂದಿತು. ಅದರ ತಿರುಳು ಸರಳ: ತಾಯಿಯ ಸ್ವಂತ ಆರೋಗ್ಯ, ಮಗುವಿನೊಂದಿಗಿನ ನಂಟು, ಸುತ್ತಲಿನವರೊಂದಿಗಿನ ಸಂಬಂಧ, ಈ ಮೂರರಲ್ಲಿ ಪ್ರತಿ ಭೇಟಿಯಲ್ಲೂ ಒಂದು ಸಣ್ಣ ಹೆಜ್ಜೆ. ‘ನಾನು ಕೆಟ್ಟವಳು, ನನಗೆ ಇನ್ನೇನೂ ಇಲ್ಲ’ ಎಂದಾಗ ‘ಹಾಗೆಲ್ಲ ಹೇಳಬಾರದು’ ಎಂದು ಬಾಯಿ ಮುಚ್ಚಿಸದೆ, ‘ಹಾಗೆ ಅನ್ನಿಸುವುದು ಯಾವ ಹೊತ್ತಿನಲ್ಲಿ?’ ಎಂದು ಕೇಳುವುದು. ಮುಂದಿನ ವಾರಕ್ಕೆ ಅವಳೇ ಆರಿಸಿಕೊಂಡ ಒಂದು ಕೆಲಸ, ಉದಾಹರಣೆಗೆ ಸಂಜೆ ಪಕ್ಕದ ಮನೆಯ ಅಕ್ಕನ ಜೊತೆ ಹತ್ತು ನಿಮಿಷ ನಡೆಯುವುದು.

ಭೇಟಿಯ ಸಮಯಕ್ಕೂ ಲೆಕ್ಕವಿದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನಲ್ಲಿ ಮನೆಯವರೆಲ್ಲ ತೋಟದಲ್ಲಿರುತ್ತಾರೆ, ಹುಡುಗಿ ಹಗಲಿಡೀ ಒಬ್ಬಳೇ. ಅವಳಿಗೆ ಅದು ಒಂಟಿತನದ ಹೊತ್ತು, ನಿಮಗೆ ತಾಯಿಯಿಲ್ಲದೆ ಮಾತಾಡಲು ಸಿಗುವ ಹೊತ್ತು. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ, ದಾರಿಗೆ ಮರ ಬಿದ್ದಿರುತ್ತದೆ. ಹೆರಿಗೆ ಆ ತಿಂಗಳುಗಳಲ್ಲಿ ಬೀಳುವುದಾದರೆ 108ಕ್ಕೆ ಯಾರ ಫೋನಿನಿಂದ ಕರೆ ಮಾಡುವುದು, ಜೀಪು ಯಾರದ್ದು ಎಂಬುದನ್ನು ಮೊದಲೇ ಅವಳೊಂದಿಗೆ ಕೂತು ನಿರ್ಧರಿಸಿ. ಭಯ ಅರ್ಧ ಕಡಿಮೆಯಾಗುವುದು ಅಲ್ಲಿ.

ಕೊನೆಗೆ, ಕೇಳಲೇಬೇಕಾದ ಪ್ರಶ್ನೆ. ಕಳೆದ ಒಂದು ತಿಂಗಳಲ್ಲಿ ಆಗಾಗ ಮನಸ್ಸು ಕುಗ್ಗಿತ್ತೇ, ಯಾವುದರಲ್ಲೂ ಆಸಕ್ತಿಯಿಲ್ಲದಂತೆ ಆಗಿತ್ತೇ ಎಂದು ಕೇಳಿ. ಒಂದಕ್ಕಾದರೂ ಹೌದು ಎಂದರೆ ತಾಯಂದಿರ ಖಿನ್ನತೆಯನ್ನು ಗುರುತಿಸುವ ಎಡಿನ್‌ಬರ್ಗ್ ಮಾಪಕದ 10 ಪ್ರಶ್ನೆಗಳನ್ನು ಕೇಳಿ. ಅದು ಕನ್ನಡದಲ್ಲೂ ಇದೆ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಆ ಪ್ರಶ್ನೆಗೆ ‘ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಉತ್ತರ ಬಂದರೆ ಅವಳನ್ನು ಒಬ್ಬಳೇ ಮನೆಗೆ ಕಳಿಸಬೇಡಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದ ಯೋಚನೆ ಹೊರಗೆ ಬರುತ್ತದೆ. ತೋಟದ ಬದುಕಿನಲ್ಲಿ ಕಳೆನಾಶಕ, ಕೀಟನಾಶಕದ ಡಬ್ಬಿಗಳು ಕೈಗೆಟಕುವಲ್ಲಿಯೇ ಇರುತ್ತವೆ. ಮನೆಯಲ್ಲಿದ್ದರೆ ಅಂದೇ ತೆಗೆಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಬರೀ ಚೀಟಿ ಬರೆದು ಕೊಡಬೇಡಿ, ಫೋನ್ ಮಾಡಿ, ಸಾಧ್ಯವಾದರೆ ಜೊತೆಗೆ ಹೋಗಿ.

ಪ್ರಶ್ನೆ: ನನ್ನ ತಂಗಿಯ ಮಗಳಿಗೆ 19. ಮೊದಲ ಹೆರಿಗೆಯಾಗಿ ಮೂರು ವಾರವಾಯಿತು. ಸೋಮವಾರಪೇಟೆಯ ನಮ್ಮ ಮನೆಯಲ್ಲೇ ಬಾಣಂತನ. ಸುಮ್ಮನೆ ಅಳುತ್ತಾಳೆ, ಮಗು ಅತ್ತರೂ ಗೋಡೆ ನೋಡುತ್ತಾ ಮಲಗಿರುತ್ತಾಳೆ. ಹಿರಿಯರು ದೃಷ್ಟಿಯಾಗಿದೆ ಎನ್ನುತ್ತಾರೆ, ಕೆಲವರು ಬಾಣಂತಿ ಸನ್ನಿ ಎನ್ನುತ್ತಾರೆ. ಯಾವುದು?

ಉತ್ತರ: ಹೆರಿಗೆಯಾದ ಮೊದಲ ಕೆಲವು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಬಾಣಂತಿಯರಲ್ಲಿ ಉಂಟು, ಹತ್ತು ಹದಿನೈದು ದಿನಗಳಲ್ಲಿ ಅದು ತಾನಾಗಿ ಹೋಗುತ್ತದೆ. ಎರಡು ವಾರ ಕಳೆದೂ ಅಳು, ಮಂಕು, ಮಗುವಿನ ಮೇಲಿನ ನಿರಾಸಕ್ತಿ ಉಳಿದಿದ್ದರೆ ಅದು ಖಿನ್ನತೆಯಾಗಿರುವ ಸಾಧ್ಯತೆ ಹೆಚ್ಚು. ಹದಿಹರೆಯದ ತಾಯಂದಿರಲ್ಲಿ ಇದರ ಅಪಾಯ ದೊಡ್ಡವರಿಗಿಂತ ಹೆಚ್ಚು. ಈ ವಾರವೇ ವೈದ್ಯರಿಗೆ ತೋರಿಸಿ.

ಸನ್ನಿ ಬೇರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಅದು ಕಾಣಿಸುತ್ತದೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ರಾತ್ರಿ ರಾತ್ರಿ ನಿದ್ರೆಯೇ ಇಲ್ಲದಿರುವುದು, ಯಾರೋ ಮಾತಾಡುವುದು ಕೇಳಿಸುವುದು, ಮಗು ತನ್ನದಲ್ಲವೆಂದು ಹಟ ಹಿಡಿಯುವುದು, ಸಂಬಂಧವಿಲ್ಲದ ಮಾತು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ. ಅಲ್ಲಿಯವರೆಗೆ ತಾಯಿಯನ್ನೂ ಮಗುವನ್ನೂ ಇಬ್ಬರನ್ನೇ ಬಿಡಬಾರದು.

ಔಷಧಿ ಶುರು ಮಾಡಿದರೆ ಹಾಲುಣಿಸುವುದನ್ನು ನಿಲ್ಲಿಸಬೇಕೆಂದು ನಿಮ್ಮಷ್ಟಕ್ಕೆ ನೀವೇ ನಿರ್ಧರಿಸಬೇಡಿ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ನನ್ನ ತಕರಾರಿಲ್ಲ, ಆದರೆ ಅದಕ್ಕಾಗಿ ಆಸ್ಪತ್ರೆಯ ದಿನವನ್ನು ಮುಂದೂಡಬೇಡಿ. ನಮ್ಮ ಬಾಣಂತನದ ಎಣ್ಣೆ ನೀರು, ಬಿಸಿ ಊಟ ಎಲ್ಲವೂ ಒಳ್ಳೆಯದೇ. ಕೆಟ್ಟದ್ದು, ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿ ಹುಡುಗಿಯನ್ನು ತಿಂಗಳುಗಟ್ಟಲೆ ಒಬ್ಬಳನ್ನೇ ಮಲಗಿಸುವುದು. ರಾತ್ರಿ ಹಾಲುಣಿಸಿದ ಮೇಲೆ ಮಗುವನ್ನು ನೀವು ಎತ್ತಿಕೊಂಡು ಅವಳಿಗೆ ನಾಲ್ಕು ಗಂಟೆ ಒಂದೇ ಸಮನೆ ನಿದ್ರೆ ಮಾಡಲು ಬಿಡಿ, ಹಗಲು ಜಗಲಿಗೆ ಕರೆದು ಕೂರಿಸಿ. ‘ನಾವೆಲ್ಲ ಹೆತ್ತಿಲ್ಲವೇ’ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡದಂತೆ ನೋಡಿಕೊಳ್ಳುವುದು ದೊಡ್ಡಮ್ಮನಾದ ನಿಮ್ಮಿಂದಲೇ ಆಗಬೇಕಾದ ಕೆಲಸ.

ಪ್ರಶ್ನೆ: ನಾನು ಹೆರಿಗೆ ವಾರ್ಡಿನ ಶುಶ್ರೂಷಾಧಿಕಾರಿ. 17 ವರ್ಷದ ಹುಡುಗಿ ಹೆರಿಗೆಯಾದ ಮೇಲೆ ಮಗುವಿನ ಮುಖ ನೋಡಲು ಒಪ್ಪುತ್ತಿಲ್ಲ. ಸಹೋದ್ಯೋಗಿಗಳು ಕೊಂಕು ಆಡುತ್ತಾರೆ. ಮನೆಯವರು ಮಗುವನ್ನು ದೂರದ ನೆಂಟರಿಗೆ ಕೊಟ್ಟುಬಿಡುತ್ತೇವೆ ಎನ್ನುತ್ತಿದ್ದಾರೆ. ಒತ್ತಾಯಿಸಿ ಎತ್ತಿಕೊಳ್ಳುವಂತೆ ಮಾಡಬೇಕೇ?

ಉತ್ತರ: ಬೇಡ. ‘ಮಗು ಆರೋಗ್ಯವಾಗಿದೆ, ಪಕ್ಕದ ಕೋಣೆಯಲ್ಲಿ ನಮ್ಮ ಹತ್ತಿರ ಇದೆ. ನಿನಗೆ ಯಾವಾಗ ನೋಡಬೇಕೆನಿಸಿದರೂ ತರುತ್ತೇನೆ, ನೋಡಬೇಕೆನಿಸದಿದ್ದರೂ ಬೈಯುವವರಿಲ್ಲ’ ಎಂದು ಹೇಳಿ, ಪ್ರತಿ ಪಾಳಿಯಲ್ಲಿ ಒಂದು ಸಲ ಮೆಲ್ಲಗೆ ಕೇಳಿ. ಕೊಂಕು ಆಡುವವರನ್ನು ಆ ಮಂಚದ ಬಳಿ ಕೆಲಸಕ್ಕೆ ಹಾಕದಂತೆ ಹಿರಿಯ ಶುಶ್ರೂಷಾಧಿಕಾರಿಯನ್ನು ಕೇಳಿಕೊಳ್ಳಿ. ಸಾಧ್ಯವಿದ್ದರೆ, ಮಗುವಿನ ತಲೆಗೆ ಎಣ್ಣೆ ಹಚ್ಚುತ್ತಾ ಕೂತ ಬೇರೆ ತಾಯಂದಿರ ನಡುವೆ ಇರಿಸದೆ ಮೂಲೆಯ ಮಂಚ ಕೊಡಿ, ಒಬ್ಬಂಟಿ ಕೋಣೆಯಲ್ಲಿ ಮಾತ್ರ ಬಿಡಬೇಡಿ.

ನೆಂಟರಿಗೆ ಕೊಟ್ಟುಬಿಡುವುದು ದತ್ತು ಅಲ್ಲ, ಆಸ್ಪತ್ರೆಯ ಬಾಗಿಲಲ್ಲಿ ಅದು ನಡೆಯಲು ನೀವು ಬಿಡಲೂಬಾರದು. ಸಾಕಲಾಗದ ತಾಯಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮರುಯೋಚನೆಗೆ ಅವಳಿಗೆ 60 ದಿನಗಳ ಕಾಲಾವಕಾಶವಿದೆ. ಹೆರಿಗೆಯ ನೋವು ಆರದ ಎರಡನೆಯ ದಿನ ಹೇಳಿದ್ದೇ ಕೊನೆಯ ಮಾತಲ್ಲ ಎಂದು ತಿಳಿದರೆ ಅವಳ ಎದೆಯ ಭಾರ ಎಷ್ಟೋ ಇಳಿಯುತ್ತದೆ.

ಯಾರೂ ಮುಂಚಿತವಾಗಿ ಹೇಳದ ಒಂದು ಸಂಗತಿಯಿದೆ. ಮಗು ಎದುರಿಗಿಲ್ಲದಿದ್ದರೂ ಎರಡು ಮೂರು ದಿನಗಳಲ್ಲಿ ಹಾಲು ಇಳಿಯುತ್ತದೆ, ಎದೆ ಕಲ್ಲಾಗುತ್ತದೆ, ಅಂಗಿ ಒದ್ದೆಯಾಗುತ್ತದೆ. ಹುಡುಗಿಯರು ಕುಸಿದು ಅಳುವುದು ಆ ಗಳಿಗೆಯಲ್ಲಿ. ಹಾಲು ಬರುತ್ತದೆ ಎಂದು ಮೊದಲೇ ತಿಳಿಸಿ, ಹಾಲುಣಿಸುವುದಿಲ್ಲವೆಂದು ಅವಳು ನಿರ್ಧರಿಸಿದ್ದರೆ ತಣ್ಣೀರ ಬಟ್ಟೆ ಇಡುವುದನ್ನೂ, ಹಿತವಾಗಿ ಬಿಗಿಯಾದ ಒಳಉಡುಪು ತೊಡುವುದನ್ನೂ, ನೋವು ತಡೆಯಲಾಗದಷ್ಟಾದಾಗ ಮಾತ್ರ ಸ್ವಲ್ಪವೇ ಹಿಂಡುವುದನ್ನೂ ಕಲಿಸಿಕೊಡಿ. ಜ್ವರ ಬಂದರೆ ಕೂಡಲೇ ಬರಬೇಕು. ಬಿಡುಗಡೆಯ ದಿನ ಮುಂದಿನ ಗರ್ಭ ತಡೆಯುವ ವಿಧಾನವನ್ನೂ, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವ ದಾರಿಯನ್ನೂ ಒಂದೇ ಉಸಿರಿನಲ್ಲಿ ಹೇಳಬೇಡಿ. ವಾರದ ನಂತರದ ಭೇಟಿಗೆ ದಿನ ಬರೆದುಕೊಟ್ಟು ಆಗ ಮಾತಾಡಿ. ಹದಿಹರೆಯದವರಿಗಾಗಿ ಜಿಲ್ಲಾ, ತಾಲ್ಲೂಕು ಮಟ್ಟದಲ್ಲಿರುವ ಸ್ನೇಹ ಕ್ಲಿನಿಕ್‌ಗಳು ಇರುವುದು ಇಂಥ ಮಾತಿಗಾಗಿಯೇ.

ಪ್ರಶ್ನೆ: ಇಂಥ ಪ್ರಕರಣಗಳಾದ ಮೇಲೆ ನನಗೇ ರಾತ್ರಿ ನಿದ್ರೆ ಬರುವುದಿಲ್ಲ. ನನಗೂ ಆ ವಯಸ್ಸಿನ ಮಗಳಿದ್ದಾಳೆ. ನಾನು ಈ ಕೆಲಸಕ್ಕೆ ತಕ್ಕವಳಲ್ಲವೇನೋ.

ಉತ್ತರ: ನಿದ್ರೆ ಬಾರದಿರುವುದು ಅಸಮರ್ಥತೆಯಲ್ಲ. ಹುಡುಗಿಯ ಹೆಸರು, ಊರು ಹೇಳದೆ, ಕೆಲಸದಲ್ಲಿ ನಿಮಗಿಂತ ಹಿರಿಯ ಸೋದರಿಯೊಂದಿಗೆ ಅಂದೇ ಅರ್ಧ ಗಂಟೆ ಕೂತು ಮಾತಾಡಿ. ನಿಮ್ಮ ಮಗಳನ್ನು ಅಂದು ರಾತ್ರಿ ಎಬ್ಬಿಸಿ ಉಪದೇಶ ಮಾಡಬೇಡಿ. ಅವಳು ಹೆದರುತ್ತಾಳೆ, ನಾಳೆ ನಿಮಗೆ ಏನನ್ನೂ ಹೇಳುವುದಿಲ್ಲ. ಎರಡು ವಾರ ಕಳೆದರೂ ನಿದ್ರೆ ಸರಿಹೋಗದಿದ್ದರೆ, ಮೇಲೆ ಬರೆದ 14416 ನಿಮಗೂ ಇದೆ.